ಲಕ್ಕಮ್ಮನ 'ಸಾಕು', ಮಯ್ಯರ ಬೀಗ

ಗಬ್ಬೂರು: "ಧರ್ಮ ನೋಡ್ಕೋತ ಕುಂತ್ರ ಅಂಗಡಿ ಬಾಡಿಗಿ ಯಾರು ಕಟ್ತಾರ್ರಿ?"

ರಾಯಚೂರು–ದೇವದುರ್ಗ ದಾರಿಯಲ್ಲಿ ಯಾವ ಚಾ ಅಂಗಡಿ ಮುಂದೆ ಬಸ್ಸಿಗೆ ಕಾಯುತ್ತಾ ನಿಂತರೂ ಈ ಮಾತು ಕಿವಿಗೆ ಬಿದ್ದೇ ಬೀಳುತ್ತದೆ. ಮಾತು ಸುಳ್ಳಲ್ಲ. ಲಾಭ ಇಲ್ಲದೆ ಅಂಗಡಿ ನಡೆಯೋದಿಲ್ಲ. ಆದರೆ ಎಷ್ಟು ಲಾಭ? ಏನನ್ನು ಬಿಟ್ಟುಕೊಟ್ಟು ಲಾಭ?

ಈ ಲೆಕ್ಕವನ್ನು ನಮ್ಮ ಜಿಲ್ಲೆಯ ಹೆಣ್ಣುಮಗಳೊಬ್ಬಳು ಹನ್ನೆರಡನೇ ಶತಮಾನದಲ್ಲೇ ಮುಗಿಸಿಬಿಟ್ಟಿದ್ದಾಳೆ. ಲಿಂಗಸುಗೂರು ತಾಲ್ಲೂಕಿನ ಅಮರೇಶ್ವರದಿಂದ ಕಲ್ಯಾಣಕ್ಕೆ ಹೋದ ಆಯ್ದಕ್ಕಿ ಲಕ್ಕಮ್ಮ. ಗಂಡ ಮಾರಯ್ಯನದು ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯ್ದು ತರುವ ಕಾಯಕ, ಅದರಲ್ಲೇ ದಾಸೋಹ. ಒಂದು ದಿನ ಆತ ಎಂದಿಗಿಂತ ಹೆಚ್ಚು ತಂದ. ಹೆಂಡತಿ ಹಿಗ್ಗಲಿಲ್ಲ. ಹೆಚ್ಚಿನದನ್ನು ಎಲ್ಲಿಂದ ತಂದೆಯೋ ಅಲ್ಲೇ ಸುರಿದು ಬಾ ಅಂದಳು!

"ಅವ್ರು ಶರಣರಪ್ಪ, ನಮ್ದು ವ್ಯಾಪಾರ" ಅಂತೀರಾ? ಹಾಗಾದರೆ ಪಕ್ಕಾ ವ್ಯಾಪಾರಿಗಳ ಕತೆಯನ್ನೇ ಕೇಳಿ.

ಬೆಂಗಳೂರಿನ ಎಂ.ಟಿ.ಆರ್. ಹೋಟೆಲ್ಲು, ಉಡುಪಿ ಸೀಮೆಯಿಂದ ಬಂದ ಮಯ್ಯ ಸಹೋದರರು 1924ರಲ್ಲಿ ಶುರು ಮಾಡಿದ್ದು. ಯಜ್ಞನಾರಾಯಣ ಮಯ್ಯರು 1951ರಲ್ಲಿ ಯುರೋಪಿಗೆ ಹೋಗಿ, ಅಲ್ಲಿನ ಹೋಟೆಲುಗಳ ಶುಚಿತ್ವ ನೋಡಿ ಬಂದು ಇಲ್ಲಿ ಜಾರಿಗೆ ತಂದರು. 1975ರಲ್ಲಿ ತುರ್ತು ಪರಿಸ್ಥಿತಿ ಬಂತು. ಹೋಟೆಲ್ ತಿಂಡಿಯನ್ನು ತೀರಾ ಅಗ್ಗದ ದರಕ್ಕೆ ಮಾರಬೇಕೆಂದು ಸರ್ಕಾರದ ಹುಕುಂ ಆಯಿತು. (ಹುಕುಂ ಮಾಡಿದವರು ತುಪ್ಪದ ರೇಟು ಕೇಳಿದ್ದರೋ ಇಲ್ಲವೋ!) ಆ ದರದಲ್ಲೂ ದುಡ್ಡು ಉಳಿಸುವ ದಾರಿ ಹೋಟೆಲಿನವರಿಗೆಲ್ಲ ಗೊತ್ತು: ತುಪ್ಪದ ಬದಲು ಡಾಲ್ಡಾ, ಹಾಲಿಗೆ ನೀರು, ದೋಸೆ ಅಂಗೈಯಗಲ. ಮಯ್ಯರ ಮನೆತನ ಆ ದಾರಿ ಹಿಡಿಯಲಿಲ್ಲ. ಹೋಟೆಲಿಗೇ ಬೀಗ ಹಾಕಿತು.

ಮುಳುಗಿದರಾ? ಇಲ್ಲ. ರವೆ ಇಡ್ಲಿ ಮತ್ತಿತರ ತಿಂಡಿಗಳ ಮಿಕ್ಸ್ ಮಾಡಿ ಪೊಟ್ಟಣದಲ್ಲಿ ಮಾರಿದರು. ಕೆಲವು ವರ್ಷಗಳ ಮೇಲೆ ಹೋಟೆಲ್ಲೂ ಮತ್ತೆ ತೆರೆಯಿತು. ಲಾಲ್‌ಬಾಗ್ ರಸ್ತೆಯಲ್ಲಿ ಇಂದಿಗೂ ಜನ ಸಾಲು ನಿಲ್ಲುತ್ತಾರೆ. ಆ ಪೊಟ್ಟಣದ ಕಂಪನಿಯನ್ನು 2007ರಲ್ಲಿ ನಾರ್ವೆಯ ಓರ್ಕ್ಲಾ ಸಂಸ್ಥೆ ಕೊಂಡುಕೊಂಡಿತು. ಬೀಗ ಹಾಕಿದ ದಿನ ಇದೆಲ್ಲ ಯಾರಿಗೆ ಗೊತ್ತಿತ್ತು?

ನಮ್ಮ ಕಿರಾಣಿ ಅಂಗಡಿಯಲ್ಲಿ ಪ್ರಶ್ನೆ ತುಪ್ಪದ್ದಲ್ಲ, ತಕ್ಕಡಿಯದು. ಎಲೆಕ್ಟ್ರಾನಿಕ್ ತಕ್ಕಡಿಗೆ ವರ್ಷಕ್ಕೊಮ್ಮೆ ಮುದ್ರೆ ಹಾಕಿಸಬೇಕೆಂಬುದು ಕಾನೂನು. ಮುದ್ರೆಯೇನೋ ಬೀಳುತ್ತದೆ, ಅಂಕಿ ಗಿರಾಕಿಗೆ ಕಾಣುವಂತೆ ತಿರುಗಿಸಿ ಇಡುವವರು ಎಷ್ಟು ಮಂದಿ?

ತಕ್ಕಡಿಗಿಂತ ದೊಡ್ಡದು ಉದ್ರಿ ಖಾತೆ. ಹತ್ತಿ, ಮೆಣಸಿನಕಾಯಿ ಕೈಗೆ ಬರೋ ತನಕ ರೈತನ ಮನೆಯ ಒಲೆ ಉರಿಯುವುದೇ ಉದ್ರಿಯ ಮೇಲೆ. ಉದ್ರಿ ಕೊಡುವವನಿಗೂ ತಾಪತ್ರಯ ಇದೆ. ಅವನೂ ರಾಯಚೂರಿನ ಹೋಲ್‌ಸೇಲ್ ಅಂಗಡಿಗೆ ಬಾಕಿ ತೀರಿಸಬೇಕು. ಆದ್ದರಿಂದ ನಗದಿಗೆ ಒಂದು ದರ, ಉದ್ರಿಗೆ ಇನ್ನೊಂದು ಅಂದರೆ ತಪ್ಪೆನ್ನಲು ಬಾಯಿ ಬರುವುದಿಲ್ಲ. ಮಳೆ ಕೈಕೊಟ್ಟ ವರ್ಷವೂ ಆ ಎರಡನೇ ದರ ಏರುತ್ತಲೇ ಹೋಗಬೇಕೇ, ಎಲ್ಲೋ ಒಂದು ಕಡೆ ನಿಲ್ಲಬೇಕೇ? ಹತ್ತಿ ಬಿಡಿಸುವ ಹೊತ್ತಿಗೆ ಖಾತೆ ಪುಸ್ತಕ ಹೊರಗೆ ಬರುತ್ತದೆ. ಆಗ ಸಾಹುಕಾರರೇ ಹೇಳಲಿ.