ಸಕ್ಕರೆ ಕಾಯಿಲೆ: ಯಕೃತ್ತನ್ನೂ ಕಾಪಾಡಿಕೊಳ್ಳಿ



ಸಕ್ಕರೆ ಕಾಯಿಲೆ ಕುಳಿತು ಉಣ್ಣುವ ಪಟ್ಟಣಿಗರದೆಂಬ ಭಾವನೆ ಈಗ ಸಲ್ಲದು. ಯಲಬುರ್ಗಾದ ಎರೆ ಹೊಲದಲ್ಲಿ ದುಡಿಯುವವರನ್ನೂ ಅದು ಬಿಟ್ಟಿಲ್ಲ. ಈ ಕಾಯಿಲೆಯಿಂದ ಕಣ್ಣು, ಮೂತ್ರಪಿಂಡ, ಕಾಲು ಕೆಡುವುದನ್ನು ನೀವು ಕೇಳಿರುತ್ತೀರಿ. ಬಲಪಕ್ಕೆಯ ಕೆಳಗಿರುವ ಯಕೃತ್ತು, ಅಂದರೆ ಲಿವರ್ ಕೂಡ ಕೆಡುತ್ತದೆ.

ಹಾನಿಯಾಗುವ ಬಗೆ

ಜೀವಕೋಶದಲ್ಲಿ ಸಕ್ಕರೆ ಉರಿದು ಶಕ್ತಿಯಾಗುತ್ತದೆ. ಆಗ ಒಲೆಯಿಂದ ಕಿಡಿ ಸಿಡಿದಂತೆ ಆಮ್ಲಜನಕದ ಉಗ್ರ ಕಣಗಳು ಹುಟ್ಟುತ್ತವೆ. ಈ ಕಿಡಿ ಆರಿಸಲು ಯಕೃತ್ತು ಗ್ಲುಟಾಥಯೋನ್ ಎಂಬ ವಸ್ತುವನ್ನು ತಾನೇ ತಯಾರಿಸಿಕೊಳ್ಳುತ್ತದೆ. ಇಂಥವಕ್ಕೆ ಉತ್ಕರ್ಷಣ ನಿರೋಧಕಗಳೆಂದು ಹೆಸರು. ರಕ್ತದಲ್ಲಿ ಸಕ್ಕರೆ ಸದಾ ಏರಿದ್ದರೆ ಕಿಡಿಗಳು ಹೆಚ್ಚಿ, ಆರಿಸುವ ದಾಸ್ತಾನು ಕರಗುತ್ತದೆ. ಮಿಕ್ಕ ಸಕ್ಕರೆ ಕೊಬ್ಬಾಗಿ ಯಕೃತ್ತಿನಲ್ಲಿಯೇ ತುಂಬುತ್ತದೆ. ಬಣವೆಗೆ ಕಿಡಿ ತಾಗಿದಂತೆ ಜೀವಕೋಶಗಳು ಹಾಳಾಗುತ್ತವೆ. ಮೊದಮೊದಲು ನೋವಿರುವುದಿಲ್ಲ, ವರ್ಷಗಳ ಮೇಲೆ ಯಕೃತ್ತು ಗಟ್ಟಿಯಾಗಿ ಕುಗ್ಗಬಹುದು.

ಮೈಸೂರಿನ ಪ್ರಯೋಗಗಳು

ಮೈಸೂರಿನ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾಲಯದ ವಿಜ್ಞಾನಿಗಳು ಸಕ್ಕರೆ ಕಾಯಿಲೆ ತರಿಸಿದ ಇಲಿಗಳಿಗೆ ಮೆಂತ್ಯೆ ಕಾಳು, ಉಳ್ಳಾಗಡ್ಡಿ ತಿನ್ನಿಸಿ ನೋಡಿದ್ದಾರೆ. ರಾಗಿಯ ಹೊರಪದರದ ಪ್ರಯೋಗ 2010ರಲ್ಲಿ ಪ್ರಕಟವಾಯಿತು. ರಕ್ತದ ಸಕ್ಕರೆಯೂ ಕಾಯಿಲೆಯ ತೊಂದರೆಗಳೂ ತಗ್ಗಿದವು. ಆದರೆ ಇಲಿಗೆ ಒಗ್ಗಿದ್ದೆಲ್ಲ ಮನುಷ್ಯನಿಗೆ ಮದ್ದಾಗದು. ಇವನ್ನು ಊಟವೆಂದು ಉಣ್ಣಿರಿ. ಇವನ್ನು ನಂಬಿ ವೈದ್ಯರ ಗುಳಿಗೆ ಬಿಡಬೇಡಿರಿ.

ನೀವು ಮಾಡಬೇಕಾದುದು

1. ತಾಟಿನಲ್ಲಿ ಅನ್ನದ ಪಾಲು ಇಳಿಸಿರಿ. ಸಜ್ಜೆ, ಜೋಳದ ರೊಟ್ಟಿಯನ್ನೂ ಮಿತವಾಗಿ ಉಣ್ಣಿರಿ. ಜೊತೆಗೆ ಹೆಸರು, ಕಡಲೆ, ಪುಂಡಿ ಪಲ್ಯ, ಮೆಂತ್ಯೆ ಪಲ್ಯ ಧಾರಾಳವಾಗಿರಲಿ.

2. ಬೂಷ್ಟು ಹಿಡಿದ ಶೇಂಗಾ ತಿನ್ನಬೇಡಿರಿ, ದನಕ್ಕೂ ಹಾಕಬೇಡಿರಿ. ಅದರಲ್ಲಿನ ಅಫ್ಲಾಟಾಕ್ಸಿನ್ ಯಕೃತ್ತಿಗೆ ವಿಷ. ಅದನ್ನು ನಿವಾರಿಸಲು ಗ್ಲುಟಾಥಯೋನೇ ಖರ್ಚಾಗಬೇಕು. ಕಾಯಿಯ ತೇವ ಶೇಕಡಾ 8ಕ್ಕೆ ಇಳಿಯುವಂತೆ ಒಣಗಿಸಿದ ಮೇಲೆಯೇ ಚೀಲ ತುಂಬಿರಿ.

3. ಸೆರೆ ಬಿಡಿರಿ. ಅದೂ ಇದೇ ದಾಸ್ತಾನನ್ನು ಬರಿದು ಮಾಡುತ್ತದೆ.

4. ಸಂತೆಯ ಪುಡಿ, ಕಷಾಯಗಳನ್ನು ಕೇಳದೆ ಕುಡಿಯಬೇಡಿರಿ. ಗಿಡಮೂಲಿಕೆಯಿಂದ ಕೇಡಿಲ್ಲವೆಂಬುದು ತಪ್ಪು. 2020ರಲ್ಲಿ ಅಮೃತಬಳ್ಳಿ ಸೇವಿಸಿದ ಕೆಲವರಿಗೆ ಯಕೃತ್ತಿನ ಬೇನೆ ಬಂದುದನ್ನು ಮುಂಬಯಿಯ ವೈದ್ಯರು ವರದಿ ಮಾಡಿದ್ದಾರೆ.

5. ಗುಳಿಗೆಯೊಂದಿಗೆ ಮೆಂತ್ಯೆ ಕಾಳನ್ನೂ ಹೆಚ್ಚಾಗಿ ತಿಂದರೆ ಸಕ್ಕರೆ ತೀರಾ ಇಳಿದೀತು. ವೈದ್ಯರಿಗೆ ತಿಳಿಸಿರಿ.

ಪರೀಕ್ಷೆ ಮಾಡಿಸಿರಿ

ಬರಿ ಹೊಟ್ಟೆಯಲ್ಲಿ 100 ಮಿಲಿಲೀಟರ್ ರಕ್ತಕ್ಕೆ 126 ಮಿಲಿಗ್ರಾಂ ಅಥವಾ ಹೆಚ್ಚು ಸಕ್ಕರೆ ಇದ್ದರೆ, ಇನ್ನೊಮ್ಮೆ ನೋಡಿ ಕಾಯಿಲೆಯನ್ನು ಖಚಿತಪಡಿಸುತ್ತಾರೆ. 30 ದಾಟಿದವರು ಸರಕಾರಿ ಆಸ್ಪತ್ರೆಯಲ್ಲಿ ಪರೀಕ್ಷೆ ಮಾಡಿಸಿರಿ. ಕಾಯಿಲೆ ಇದ್ದವರು ಯಕೃತ್ತಿನ ಪರೀಕ್ಷೆಯನ್ನೂ ಕೇಳಿರಿ. ಸಕ್ಕರೆ ಹತೋಟಿಯಲ್ಲಿದ್ದರೆ ಕಿಡಿ ತಗ್ಗುತ್ತದೆ. ಮೈತೂಕ ಇಳಿಸಿದರೆ ತುಂಬಿದ ಕೊಬ್ಬು ಕರಗಲೂಬಹುದು. ಯಕೃತ್ತು ಗಟ್ಟಿಯಾಗುವ ಮೊದಲೇ ಎಚ್ಚರವಾಗುವುದು ಮೇಲು.