ಗಾಯಕಿಯ ಸಚಿತ್ರ ಜೀವನಚರಿತ್ರೆ: ಒಂದು ಆಕರವಿಚಾರ

ಇತಿಹಾಸದ ಆಕರಗಳೆಂದೊಡನೆ ಶಾಸನ, ಕಡತ, ಬಖರು, ದಫ್ತರಗಳು ನಮ್ಮ ಕಣ್ಣಮುಂದೆ ನಿಲ್ಲುತ್ತವೆ. ನಟರ, ಗಾಯಕರ ಚಿತ್ರಸಹಿತ ಚರಿತ್ರೆಗಳನ್ನು ವಿನೋದದ ಪುಸ್ತಕಗಳೆಂದು ಬದಿಗಿರಿಸುವುದೇ ರೂಢಿ. ಈ ರೂಢಿ ಸರಿಯಲ್ಲವೆಂದು ನಮ್ಮ ಮತ. ಆದರೆ ಅಂಥ ಗ್ರಂಥಗಳನ್ನು ನಂಬುವುದಕ್ಕೂ ಒಂದು ಕ್ರಮವುಂಟು. ಅದನ್ನು ತೋರಿಸಲು, 1902ರಲ್ಲಿ ನ್ಯೂಯಾರ್ಕಿನ ಆರ್. ಎಚ್. ರಸೆಲ್ ಎಂಬ ಪ್ರಕಾಶಕನು ಹೊರತಂದ ಪುಸ್ತಕವೊಂದನ್ನು ಎತ್ತಿಕೊಂಡಿದ್ದೇವೆ. ಫ್ರಾನ್ಸಿನ ಆಪೆರಾ ಗಾಯಕಿ ಎಮ್ಮಾ ಕಾಲ್ವೆಯ ಕಲಾಜೀವನವೇ ಅದರ ವಸ್ತು. ಕರ್ತೃವಿನ ಹೆಸರು ಎ. ಗ್ಯಾಲಸ್. ಆಪೆರಾ ಎಂದರೆ ಮಾತೂ ಬಹುಮಟ್ಟಿಗೆ ಹಾಡಾಗಿಯೇ ಸಾಗುವ ಗೀತನಾಟಕ.

ಈ ಕಾಲ್ವೆ ನಮ್ಮವರಿಗೆ ತೀರ ಅಪರಿಚಿತಳಲ್ಲ. 1900ರ ಅಕ್ಟೋಬರದಲ್ಲಿ ಸ್ವಾಮಿ ವಿವೇಕಾನಂದರು ಪ್ಯಾರಿಸಿನಿಂದ ಕಾನ್‌ಸ್ಟಾಂಟಿನೋಪಲ್, ಈಜಿಪ್ಟುಗಳಿಗೆ ಹೊರಟಾಗ ಸಹಯಾತ್ರಿಕರಲ್ಲಿ ಈಕೆಯೂ ಇದ್ದಳು. ಅದಕ್ಕೆ ಎಂಟು ವರ್ಷಗಳ ಹಿಂದೆ, 1892ರ ಅಕ್ಟೋಬರದಲ್ಲಿ, ಸ್ವಾಮಿಗಳು ಕೊಲ್ಲಾಪುರದಿಂದ ಬೆಳಗಾವಿಗೆ ಬಂದಿದ್ದರು. ರಸ್ತೆಯಿಂದ ಬಂದಿದ್ದರೆ ನಿಪ್ಪಾಣಿ, ರೈಲಿನಿಂದ ಬಂದಿದ್ದರೆ ರಾಯಬಾಗ. ಹೇಗೂ ನಮ್ಮ ಸೀಮೆಯನ್ನು ದಾಟಿಯೇ ಬಂದಿರಬೇಕು. ಬೆಳಗಾವಿಯಲ್ಲಿ ಆಗ ತೆಗೆದ ಅವರ ಭಾವಚಿತ್ರ ಇಂದಿಗೂ ಪ್ರಸಿದ್ಧವಾಗಿದೆ.

1858ರಲ್ಲಿ ದಕ್ಷಿಣ ಫ್ರಾನ್ಸಿನ ದಕಾಜ್‌ವಿಲ್‌ನಲ್ಲಿ ಹುಟ್ಟಿದ ಕಾಲ್ವೆ, ಬಿಜೆಯ 'ಕಾರ್ಮೆನ್' ನಾಟಕದ ನಾಯಿಕೆಯ ಪಾತ್ರದಿಂದ ಜಗತ್ಪ್ರಸಿದ್ಧಳಾದಳು. 1893ರಲ್ಲಿ ನ್ಯೂಯಾರ್ಕಿನ ರಂಗವನ್ನೇರಿದಳು. ಗ್ಯಾಲಸನ ಪುಸ್ತಕ ಹೊರಬಂದಾಗ ಆಕೆಯ ಕೀರ್ತಿ ಉತ್ತುಂಗದಲ್ಲಿತ್ತು. ಇದನ್ನು ಓದುಗನು ಮರೆಯಬಾರದು.

ಪುಸ್ತಕದ ವಿಶೇಷವೆಂದರೆ ಕಾಲ್ವೆ ಅದಕ್ಕಾಗಿಯೇ ಬರೆದುಕೊಟ್ಟ ಸ್ವಹಸ್ತಾಕ್ಷರದ ಪುಟಗಳು. ಚರಿತ್ರಕಾರನೊಬ್ಬ, ನಾಯಿಕೆಯೊಬ್ಬಳು, ಹೀಗೆ ಎರಡು ಸಾಕ್ಷಿಗಳು ದೊರೆತವೆಂದು ವಿದ್ಯಾರ್ಥಿಯು ಹಿಗ್ಗಬಹುದು. ವಸ್ತುತಃ ಸಾಕ್ಷಿ ಒಂದೇ. ಯಾರ ಚರಿತ್ರೆಯೋ ಅವರದೇ ಸಹಕಾರದಿಂದ ಸಿದ್ಧವಾದ ಗ್ರಂಥದಲ್ಲಿ ಅವರಿಗೆ ಒಪ್ಪದ ಸಂಗತಿಗೆ ಎಡೆಯಿರುವುದು ವಿರಳ. ರಾಜಾಸ್ಥಾನದ ಪ್ರಶಸ್ತಿಶಾಸನವನ್ನು ಓದುವಾಗ ನಾವು ವಹಿಸುವ ಎಚ್ಚರವನ್ನೇ ಇಲ್ಲಿಯೂ ವಹಿಸಬೇಕು. 1922ರಲ್ಲಿ ಹೊರಬಂದ ಆಕೆಯ ಆತ್ಮಕಥೆಯೂ ಮೂರನೆಯ ಸಾಕ್ಷಿಯಾಗದು. ನಾಟಕಶಾಲೆಯ ಲೆಕ್ಕ, ಆಯಾ ದಿನದ ಪತ್ರಿಕೆಯ ವಿಮರ್ಶೆ, ಅನ್ಯರ ಪತ್ರಗಳು, ಇವು ನಿಜವಾದ ಬೇರೆ ಸಾಕ್ಷಿಗಳು.

ಚಿತ್ರಗಳ ಮಾತು ಹಾಗಲ್ಲ. ಆ ಕಾಲದ ವೇಷಭೂಷಿತ ಛಾಯಾಚಿತ್ರಗಳು ಪ್ರಾಯಃ ಛಾಯಾಗ್ರಾಹಕನ ಶಾಲೆಯಲ್ಲಿ, ಬಣ್ಣದ ಪರದೆಯ ಮುಂದೆ ನಿಂತು ತೆಗೆಯಿಸಿಕೊಂಡವು. ಆದುದರಿಂದ ಅವು ಅಭಿನಯಕ್ಕೆ ಸಾಕ್ಷಿಯಲ್ಲ, ಉಡುಪಿಗೆ ಸಾಕ್ಷಿ. ಕಾರ್ಮೆನ್ ಪಾತ್ರಕ್ಕಾಗಿ ಸ್ಪೇನಿಗೆ ಹೋಗಿ ಜಿಪ್ಸಿ ಸ್ತ್ರೀಯರ ಉಡುಗೆ ನಡಿಗೆಗಳನ್ನು ನೋಡಿ ಬಂದುದಾಗಿ ಕಾಲ್ವೆ ಹೇಳಿಕೊಂಡಿದ್ದಾಳೆ. ಆ ಮಾತನ್ನು ಪರೀಕ್ಷಿಸಲು ಚಿತ್ರಗಳಿಗಿಂತ ಉತ್ತಮ ಸಾಧನವಿಲ್ಲ.

ಉಳಿದುದು ಕಂಠ. ಅದನ್ನು ಯಾವ ಪುಸ್ತಕವೂ ಹಿಡಿದಿಡಲಾರದು. ಆದರೆ ಪುಸ್ತಕ ಹೊರಬಂದ ಆ 1902ರಲ್ಲಿಯೇ ಲಂಡನ್ನಿನಲ್ಲಿ ಗ್ರಾಮಾಫೋನ್ ಕಂಪನಿಯು ಕಾಲ್ವೆಯ ಹಾಡುಗಳನ್ನು ಮುದ್ರಿಸಿಕೊಂಡಿತು. ಅದೇ ವರ್ಷದ ನವೆಂಬರದಲ್ಲಿ ಕಲಕತ್ತೆಯಲ್ಲಿ ಗೌಹರ್ ಜಾನ್ ಹಾಡಿದಳು. 1930ರಲ್ಲಿ ಮೈಸೂರಿನಲ್ಲಿ ತೀರಿಕೊಂಡ ಗೌಹರ್ ಜಾನಳೇ ಈಕೆ. ಈ ತಟ್ಟೆಗಳಲ್ಲಿಯೂ ಮೋಸವುಂಟು: ಅವು ತಿರುಗುವ ವೇಗ ಆಗ ಏಕರೀತಿಯಾಗಿರಲಿಲ್ಲ. ವೇಗ ತಪ್ಪಿದರೆ ಶ್ರುತಿಯೇ ತಪ್ಪುತ್ತದೆ.

ನಮ್ಮ ಕಡೆಯ ಮಾತಿಗೆ ಬರೋಣ. ಕಾಗವಾಡ, ಅಥಣಿಗಳಿಗೆ ಮಿರಜ ಹತ್ತಿರದ ಪೇಟೆ. ಬಾಲಗಂಧರ್ವರು ಕಿರ್ಲೋಸ್ಕರ ಮಂಡಲಿಯಲ್ಲಿ ಮೊದಲು ಬಣ್ಣ ಹಚ್ಚಿದುದು ಅಲ್ಲಿಯೇ. ಆ ಮಂಡಲಿಯ ಸ್ಥಾಪಕ ಅಣ್ಣಾಸಾಹೇಬ ಕಿರ್ಲೋಸ್ಕರರು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನವರು. ಇಂಥ ಹೆಸರಾಂತರ ಚರಿತ್ರೆಗಳು ಬರೆಯಲ್ಪಟ್ಟಿವೆ. ಕಂಪನಿಗಳಲ್ಲಿ ಹಾಡಿ ಹಿಂದಿರುಗಿದ ಸಾಮಾನ್ಯ ನಟರಿಗೆ ಗ್ಯಾಲಸನಂಥ ಹೊಗಳುಭಟನೂ ದೊರೆಯಲಿಲ್ಲ. ಅವರ ಚರಿತ್ರೆಯೆಂದರೆ ಗೋಡೆಗೆ ತೂಗುಹಾಕಿದ ಒಂದು ಪಟ, ಪೆಟ್ಟಿಗೆಯ ತಳದ ಒಂದು ಹಸ್ತಪತ್ರಿಕೆ, ಇಷ್ಟೇ. ಮನೆ ಬದಲಾಯಿಸುವಾಗ ಇವು ಮೊದಲು ಗುಜರಿಗೆ ಹೋಗುತ್ತವೆ.

ಆದುದರಿಂದ ಇಂಥ ಪಟವನ್ನು ಕಂಡ ವಿದ್ಯಾರ್ಥಿಯು ಮೊದಲು ಅದರ ರಟ್ಟಿನ ಕೆಳಗಿರುವ ಛಾಯಾಗ್ರಾಹಕನ ಹೆಸರನ್ನೂ ಊರನ್ನೂ ಬರೆದುಕೊಳ್ಳಲಿ, ಬಳಿಕ ಹಿಂಬದಿಯ ಬರಹವನ್ನು ಇದ್ದಂತೆಯೇ, ಕಾಗುಣಿತವನ್ನು ತಿದ್ದದೆ, ನಕಲುಮಾಡಲಿ. ಕನ್ನಡ, ಮೋಡಿ, ದೇವನಾಗರಿ, ಯಾವ ಲಿಪಿಯೆಂಬುದನ್ನೂ ಗುರುತಿಸಬೇಕು. ಮನೆಯ ಹಿರಿಯರು ಹೇಳುವ ಹೆಸರುಗಳನ್ನು ಬೇರೆ ಹಾಳೆಯ ಮೇಲೆ, ಹೇಳಿದ ದಿನಾಂಕದೊಡನೆ ಬರೆಯತಕ್ಕದ್ದು; ಪಟದ ಮೇಲಲ್ಲ.