ಕೆಳಗಿನ ಗದ್ಯಭಾಗವನ್ನು ಓದಿ ಉತ್ತರಿಸಿ

‘ಟಿಂಬಣನು ಮುರಟೆಯನ್ನು ಲಗಳಿಸಿದನು.’

ಈ ವಾಕ್ಯದ ಅರ್ಥಕ್ಕಾಗಿ ನಿಘಂಟು ತೆರೆಯುವ ಕಷ್ಟ ಬೇಡ. ಇದಕ್ಕೆ ಅರ್ಥವೇ ಇಲ್ಲ. ಈ ಲೇಖನಕ್ಕೆಂದೇ ಕಟ್ಟಿದ್ದು. ಆದರೂ ಇದರ ಮೇಲೆ ಪ್ರಶ್ನೆ ಕೇಳಬಹುದು. ಮುರಟೆಯನ್ನು ಲಗಳಿಸಿದವರು ಯಾರು? ಟಿಂಬಣ. ಟಿಂಬಣನು ಲಗಳಿಸಿದ್ದು ಏನನ್ನು? ಮುರಟೆಯನ್ನು. ಎರಡಕ್ಕೆ ಎರಡು ಅಂಕ! ಟಿಂಬಣ ಮನುಷ್ಯನೋ ಮೃಗವೋ, ಮುರಟೆ ತಿನ್ನುವುದೋ ಹೊದೆಯುವುದೋ ಎಂಬುದು ಉತ್ತರ ಬರೆದವರಿಗೂ ಗೊತ್ತಿಲ್ಲ, ಅಂಕ ಕೊಟ್ಟವರಿಗೂ ಗೊತ್ತಿಲ್ಲ. ಅಮೆರಿಕದ ಆಂಡ್ರ್ಯೂ ಇಂಗ್ರಹಾಂ ಎಂಬುವರು 1903ರಲ್ಲೇ ಇಂಗ್ಲಿಷಿನಲ್ಲಿ ಇಂಥದೊಂದು ವಾಕ್ಯ ಕಟ್ಟಿ ಇದೇ ಚಮತ್ಕಾರವನ್ನು ತೋರಿಸಿದ್ದರು.

ಎಸ್ಸೆಸ್ಸೆಲ್ಸಿಯ ಇಂಗ್ಲಿಷ್ ಪ್ರಶ್ನೆಪತ್ರಿಕೆಯಲ್ಲಿ ಪಠ್ಯಪುಸ್ತಕದಲ್ಲಿ ಇಲ್ಲದ ಒಂದು ಗದ್ಯಭಾಗ ಕೊಟ್ಟು, ಅದರ ಕೆಳಗೆ ಪ್ರಶ್ನೆ ಹಾಕುವ ಪದ್ಧತಿ ಇದೆ. ಶಾಲೆಗಳಲ್ಲಿ ಇದನ್ನು ‘ಪ್ಯಾಸೇಜ್’ ಎನ್ನುತ್ತಾರೆ. ಕನ್ನಡ ಪತ್ರಿಕೆಯಲ್ಲಾದರೆ ಇದೇ ‘ಅಪಠಿತ ಗದ್ಯ’. ನಮ್ಮ ಹಳ್ಳಿಯ ಕನ್ನಡ ಮಾಧ್ಯಮದ ಮಕ್ಕಳು ಅದನ್ನು ಓದಿ ಉತ್ತರಿಸುವ ಬಗೆ ಬಹುಮಟ್ಟಿಗೆ ಟಿಂಬಣನ ಬಗೆಯೇ. ಪ್ರಶ್ನೆಯಲ್ಲಿರುವ ಒಂದು ಪದವನ್ನು ಹಿಡಿದುಕೊಳ್ಳುವುದು, ಅದೇ ಪದ ಗದ್ಯದಲ್ಲಿ ಎಲ್ಲಿದೆ ಎಂದು ಬೆರಳಿಟ್ಟು ಹುಡುಕುವುದು, ಸಿಕ್ಕ ಸಾಲನ್ನು ಪೂರ್ಣವಿರಾಮದವರೆಗೆ ನಕಲು ಮಾಡುವುದು.

ಇದಕ್ಕೆ ಮಕ್ಕಳನ್ನು ದೂರುವಂತಿಲ್ಲ. ಕಲಿಕೆಯಲ್ಲಿ ಹಿಂದುಳಿದವರನ್ನು ದಡ ಮುಟ್ಟಿಸಲು ಶಿಕ್ಷಕರು ತಯಾರಿಸುವ ‘ಪಾಸಿಂಗ್ ಪ್ಯಾಕೇಜ್’ ಎಂಬುದೊಂದಿದೆ. ಇಷ್ಟು ಸಾಲಿನ ಪದ್ಯ ಬಾಯಿಪಾಠ, ಪತ್ರಲೇಖನದ ನಮೂನೆ ಬಾಯಿಪಾಠ, ಒಂದೆರಡು ಪ್ರಬಂಧ ಬಾಯಿಪಾಠ. ಇಡೀ ಪತ್ರಿಕೆಯಲ್ಲಿ ಉರು ಹೊಡೆಯಲು ಸಾಧ್ಯವೇ ಇಲ್ಲದ್ದೆಂದರೆ ಈ ಗದ್ಯಭಾಗ. ಆದ್ದರಿಂದ ಅದಕ್ಕೂ ಒಂದು ಒಳದಾರಿ ಹುಡುಕಿ, ‘ಉತ್ತರ ಅಲ್ಲೇ ಇರುತ್ತೆ, ನೋಡಿ ಬರೀರಿ’ ಎಂದು ಹೇಳಿಕೊಟ್ಟಿದ್ದೇವೆ. ನಾಲ್ಕಾರು ಅಂಕಕ್ಕೆ ಅಷ್ಟು ಸಾಕು. ಆದರೆ ಇಂಗ್ಲಿಷ್ ಓದು ಬರುತ್ತದೆಯೇ ಎಂದು ನಿಜವಾಗಿ ಕೇಳುವ ಜಾಗ ಅದೊಂದೇ. ಮುಂದೆ ಪಿಯುಸಿ ವಿಜ್ಞಾನಕ್ಕೋ ಡಿಪ್ಲೊಮಾಕ್ಕೋ ಸೇರಿದ ಹುಡುಗಿಯ ಕೈಗೆ ಇಂಗ್ಲಿಷ್ ಪುಸ್ತಕ ಬಂದಾಗ ಪಾಸಿಂಗ್ ಪ್ಯಾಕೇಜ್ ಜೊತೆಗೆ ಬರುವುದಿಲ್ಲ. ಎಸ್ಸೆಸ್ಸೆಲ್ಸಿಯಲ್ಲಿ ಒಳ್ಳೆಯ ಅಂಕ ತೆಗೆದವರೂ ಪಿಯುಸಿಯ ಮೊದಲ ತಿಂಗಳುಗಳಲ್ಲಿ ಮಂಕಾಗುವುದಕ್ಕೆ ಇದೂ ಒಂದು ಕಾರಣ.

ಗದ್ಯ ಕೊಟ್ಟು ಪ್ರಶ್ನೆ ಕೇಳುವ ಪರೀಕ್ಷೆಯನ್ನು ಅಳತೆಗೋಲಿನಂತೆ ಬಳಸುವ ಪ್ರಯತ್ನಕ್ಕೆ ನೂರು ವರ್ಷ ದಾಟಿದೆ. ಮೊದಲ ಮಹಾಯುದ್ಧದ ಹೊತ್ತಿಗೆ ಅಮೆರಿಕದ ಕಾನ್ಸಸ್ ರಾಜ್ಯದಲ್ಲಿ ಫ್ರೆಡರಿಕ್ ಕೆಲಿ ಎಂಬುವರು ಶಾಲಾ ಮಕ್ಕಳಿಗೆ ಐದು ನಿಮಿಷದ ‘ಮೌನ ಓದಿನ ಪರೀಕ್ಷೆ’ ರೂಪಿಸಿದರು. ಬಹು ಆಯ್ಕೆಯ ಪ್ರಶ್ನೆಗಳ ಮೂಲಪುರುಷರೆಂದು ಹೆಸರಾದವರು ಇವರೇ. ಒಬ್ಬ ಮೇಷ್ಟರಂತೆ ಇನ್ನೊಬ್ಬ ಮೇಷ್ಟರು ಅಂಕ ಕೊಡುವುದಿಲ್ಲವಲ್ಲ, ಆ ತಾರತಮ್ಯ ಹೋಗಲಿ, ಉತ್ತರಪತ್ರಿಕೆ ತಿದ್ದುವ ಕೆಲಸವೂ ಬೇಗ ಮುಗಿಯಲಿ ಎಂಬುದು ಅವರ ಉದ್ದೇಶ. ಅವರ ಒಂದು ಪ್ರಶ್ನೆಯಲ್ಲಿ ಹಸು, ಹುಲಿ, ಇಲಿ, ತೋಳ ಎಂಬ ನಾಲ್ಕು ಪ್ರಾಣಿಗಳ ಹೆಸರಿತ್ತು. ಹೊಲಮನೆಗೆ ಉಪಯೋಗವಾಗುವುದಕ್ಕೆ ಗುರುತು ಹಾಕಬೇಕು. ಗಮನಿಸಿ: ಉತ್ತರ ಆ ಪ್ರಶ್ನೆಯ ಯಾವ ಸಾಲಿನಲ್ಲೂ ಇಲ್ಲ. ಅದು ಇರುವುದು ಓದುವವರ ತಲೆಯಲ್ಲಿ.

1917ರಲ್ಲಿ ಅದೇ ದೇಶದ ಮನಶ್ಶಾಸ್ತ್ರಜ್ಞ ಎಡ್ವರ್ಡ್ ಥಾರ್ನ್‌ಡೈಕ್ ಒಂದು ಹೆಜ್ಜೆ ಮುಂದೆ ಹೋದರು. ಅವರು ಸರಿಯುತ್ತರಗಳನ್ನು ಬಿಟ್ಟು ತಪ್ಪು ಉತ್ತರಗಳನ್ನು ಹಿಡಿದು ಕುಳಿತರು. ಮಕ್ಕಳಿಗೆ ಕೊಟ್ಟಿದ್ದ ಒಂದು ಗದ್ಯಭಾಗ ಶಾಲೆಯ ಹಾಜರಿಯ ನಿಯಮದ ಬಗ್ಗೆ. ಒಂದೂರಿನಲ್ಲಿ ಏಳರಿಂದ ಹದಿನಾಲ್ಕು ವರ್ಷದ ಮಕ್ಕಳೆಲ್ಲ ಪ್ರತಿದಿನ ಶಾಲೆಗೆ ಬರಲೇಬೇಕು. ಮಗುವಿಗೆ ಕಾಯಿಲೆಯಾಗಿದ್ದರೆ, ಮನೆಯಲ್ಲಿ ಯಾರಿಗಾದರೂ ಅಂಟುರೋಗವಿದ್ದರೆ, ಇಲ್ಲವೇ ದಾರಿ ನಡೆಯಲಾಗದಂತೆ ಕೆಟ್ಟಿದ್ದರೆ ಮಾತ್ರ ವಿನಾಯಿತಿ. ಇಷ್ಟು ಸರಳ ವಿಷಯಕ್ಕೆ ಬಂದ ಉತ್ತರಗಳು ಚಿತ್ರವಿಚಿತ್ರ. ಥಾರ್ನ್‌ಡೈಕ್ ಕಂಡುಕೊಂಡದ್ದೇನೆಂದರೆ, ಯಾವುದೋ ಒಂದು ಪದ ಮಗುವಿನ ಮನಸ್ಸಿನಲ್ಲಿ ಅಗತ್ಯಕ್ಕಿಂತ ದೊಡ್ಡದಾಗಿ ಕುಳಿತುಬಿಡುತ್ತದೆ. ಉಳಿದ ಪದಗಳು ಅದರ ನೆರಳಿನಲ್ಲಿ ಮರೆಯಾಗುತ್ತವೆ. ಮಗು ಆ ಒಂದು ಪದದ ಸುತ್ತ ತನ್ನದೇ ಉತ್ತರ ಹೆಣೆಯುತ್ತದೆ. ಒಂದು ಪ್ಯಾರಾ ಅರ್ಥಮಾಡಿಕೊಳ್ಳುವುದೆಂದರೆ ಲೆಕ್ಕ ಬಿಡಿಸಿದಂತೆ, ಬೇಕಾದ್ದನ್ನು ಆರಿಸಿ, ಪ್ರತಿಯೊಂದಕ್ಕೂ ತಕ್ಕ ತೂಕ ಕೊಟ್ಟು, ಒಂದಕ್ಕೊಂದು ಜೋಡಿಸಬೇಕು ಎಂಬುದು ಅವರ ವಾದ. ಅವರು ಪರೀಕ್ಷಿಸಿದ್ದು ಇಂಗ್ಲಿಷಿನ ನಾಡಿನ ಮಕ್ಕಳನ್ನು ಎಂಬುದನ್ನು ಮರೆಯಬಾರದು.

ಪರಭಾಷೆಯಾಗಿ ಇಂಗ್ಲಿಷ್ ಓದುವ ಮಕ್ಕಳ ಪ್ರಶ್ನೆಯನ್ನು ಗಂಭೀರವಾಗಿ ಎತ್ತಿಕೊಂಡವರು ಮೈಕೇಲ್ ವೆಸ್ಟ್. ಇವರು ಅಂದಿನ ಬಂಗಾಳದ, ಇಂದು ಬಾಂಗ್ಲಾದೇಶದ ರಾಜಧಾನಿಯಾಗಿರುವ ಢಾಕಾದಲ್ಲಿ ಶಿಕ್ಷಕರ ತರಬೇತಿ ಕಾಲೇಜಿನ ಪ್ರಾಂಶುಪಾಲರಾಗಿದ್ದರು. 1926ರಲ್ಲಿ ಪ್ರಕಟವಾದ ‘ಬೈಲಿಂಗ್ವಲಿಸಂ’ ಎಂಬ ಅವರ ವರದಿಯಲ್ಲಿ ‘ಸರೆಂಡರ್ ವ್ಯಾಲ್ಯೂ’ ಎಂಬ ಮಾತು ಬರುತ್ತದೆ. ಎಲ್‌ಐಸಿ ಪಾಲಿಸಿ ಮಾಡಿಸಿದವರಿಗೆಲ್ಲ ಪರಿಚಿತವಾದ ಮಾತು ಇದು: ಕಂತು ಕಟ್ಟುವುದನ್ನು ನಡುವೆ ನಿಲ್ಲಿಸಿದರೆ ಕೈಗೆ ಎಷ್ಟು ಬರುತ್ತದೆ? ವೆಸ್ಟ್ ಇದನ್ನೇ ಶಾಲೆಗೆ ಅನ್ವಯಿಸಿದರು. ಓದು ನಡುವೆ ಬಿಟ್ಟ ಹುಡುಗನಿಗೆ ಅಲ್ಲಿಯವರೆಗೆ ಕಲಿತ ಇಂಗ್ಲಿಷಿನಿಂದ ಏನು ದಕ್ಕಿತು? ಅರ್ಧಂಬರ್ಧ ಮಾತು ಕಲಿತವನಿಗೆ ಹಳ್ಳಿಯಲ್ಲಿ ಅದರಿಂದ ಏನೂ ಇಲ್ಲ, ಒಂದಿಷ್ಟು ಓದು ಕಲಿತವನಿಗೆ ಒಂದಿಷ್ಟಾದರೂ ಉಳಿಯುತ್ತದೆ. ಆದ್ದರಿಂದ ಮೊದಲು ಓದು ಕಲಿಸಿ ಎಂದರು. ಹಳೆಯ ರೀಡರುಗಳಲ್ಲಿ ಹೆಜ್ಜೆಹೆಜ್ಜೆಗೂ ಹೊಸ ಪದ, ಅದೂ ಕಾವ್ಯದಲ್ಲಷ್ಟೇ ಬದುಕಿರುವ ಪದ. ವೆಸ್ಟ್ ಅವನ್ನು ಕಿತ್ತು ಬಳಕೆಯ ಪದಗಳನ್ನು ಹಾಕಿದರು, ಒಂದು ಹೊಸ ಪದ ಬಂದರೆ ಅದು ಮತ್ತೆಮತ್ತೆ ಕಾಣಿಸಿಕೊಳ್ಳುವಂತೆ ನೋಡಿಕೊಂಡರು. 1953ರಲ್ಲಿ ಅವರು ಹೊರತಂದ, ಸುಮಾರು ಎರಡು ಸಾವಿರ ಮೂಲಪದಗಳ ಪಟ್ಟಿ ಇಂಗ್ಲಿಷ್ ಪಠ್ಯ ರಚಿಸುವವರಿಗೆ ದಶಕಗಳ ಕಾಲ ಆಧಾರವಾಯಿತು.

ಪದ ಗೊತ್ತಿದ್ದರೂ ವಾಕ್ಯ ಕೈಕೊಡುತ್ತದೆ, ಅದು ಬೇರೆ ಕಥೆ. ಇಲ್ಲಿ ಕನ್ನಡದ ಜಾಯಮಾನವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ‘ದಿ ಮ್ಯಾನ್ ಹೂ ಸೋಲ್ಡ್ ದಿ ಕೌ ಟು ರಾಮಯ್ಯ ಕೇಮ್ ಬ್ಯಾಕ್’ ಎಂಬ ವಾಕ್ಯ ಕೊಟ್ಟು, ಮರಳಿ ಬಂದವರು ಯಾರು ಎಂದು ಕೇಳಿ ನೋಡಿ. ‘ರಾಮಯ್ಯ’ ಎಂಬ ಉತ್ತರ ಬಂದರೆ ಆಶ್ಚರ್ಯವಿಲ್ಲ. ಏಕೆಂದರೆ ‘ಕೇಮ್ ಬ್ಯಾಕ್’ ಪಕ್ಕದಲ್ಲೇ ಕುಳಿತಿರುವವನು ರಾಮಯ್ಯ. ಕನ್ನಡದಲ್ಲಿ ‘ರಾಮಯ್ಯನಿಗೆ ಹಸು ಮಾರಿದ ಮನುಷ್ಯ ಮರಳಿ ಬಂದ’ ಎನ್ನುತ್ತೇವೆ. ಬಂದವನು ಬಂದ ಎಂಬ ಕ್ರಿಯಾಪದದ ಪಕ್ಕದಲ್ಲೇ ಇರುತ್ತಾನೆ, ರಾಮಯ್ಯನಿಗೆ ‘ಗೆ’ ಪ್ರತ್ಯಯ ಅಂಟಿಕೊಂಡು ಅವನು ಪಡೆದವನೆಂದು ಸಾರುತ್ತದೆ. ಇಂಗ್ಲಿಷಿನಲ್ಲಿ ವಿಭಕ್ತಿಯ ಕೆಲಸವನ್ನು ಬಹುತೇಕ ಪದದ ಸ್ಥಾನವೇ ಮಾಡುತ್ತದೆ. ಎಡದಿಂದ ಬಲಕ್ಕೆ ಒಂದೊಂದೇ ಪದಕ್ಕೆ ಕನ್ನಡ ಅರ್ಥ ಅಂಟಿಸುತ್ತ ಹೋದರೆ ಕೊನೆಗೆ ಉಳಿಯುವುದು ಪದಗಳ ರಾಶಿ.

‘ಅನ್‌ಲೆಸ್’ ಎಂಬ ಪದವಂತೂ ಅನೇಕರಿಗೆ ಕಬ್ಬಿಣದ ಕಡಲೆ. ‘ಅನ್‌ಲೆಸ್ ಇಟ್ ರೇನ್ಸ್, ದಿ ಟ್ಯಾಂಕ್ ವಿಲ್ ನಾಟ್ ಫಿಲ್’ ಅಂದರೆ ಮಳೆ ಬಾರದಿದ್ದರೆ ಕೆರೆ ತುಂಬದು. ಕನ್ನಡದಲ್ಲಿ ನಿಷೇಧ ಕ್ರಿಯಾಪದದ ಬಾಲದಲ್ಲಿ ಕಾಣುತ್ತದೆ. ಇಂಗ್ಲಿಷಿನಲ್ಲಿ ಅದು ವಾಕ್ಯದ ಬಾಗಿಲಲ್ಲೇ ವೇಷ ಮರೆಸಿಕೊಂಡು ನಿಂತಿರುತ್ತದೆ. ಆ ಪದವನ್ನು ಹಾರಿಸಿದವರಿಗೆ ‘ಮಳೆ ಬರುತ್ತದೆ, ಕೆರೆ ತುಂಬುವುದಿಲ್ಲ’ ಎಂದು ಕೇಳಿಸುತ್ತದೆ.

ಇನ್ನು ನಮ್ಮ ಮನೆಗಳಲ್ಲಿ ಬೀಡುಬಿಟ್ಟಿರುವ ಇಂಗ್ಲಿಷ್ ಪದಗಳ ಕಾಟ. ಇವು ಗೊತ್ತಿರುವ ಮುಖಗಳು, ಅದಕ್ಕೇ ಹೆಚ್ಚು ಮೋಸ. ನಮಗೆ ‘ಕರೆಂಟ್’ ಎಂದರೆ ವಿದ್ಯುತ್ತು. ಗದ್ಯದಲ್ಲಿ ಅದು ಹೊಳೆಯ ಸೆಳೆತ ಇದ್ದೀತು. ‘ಕವರ್’ ಎಂದರೆ ಅಂಗಡಿಯವರು ಕೊಡುವ ಚೀಲ. ‘ಅಜ್ಜ ಸೀರಿಯಸ್ಸು’ ಎಂದರೆ ನೆಂಟರು ಬಸ್ಸು ಹತ್ತುತ್ತಾರೆ. ಅದೇ ಪದವನ್ನು ಗದ್ಯದಲ್ಲಿ ಮೇಷ್ಟರಿಗೆ ಬಳಸಿದ್ದರೆ ಅವರು ಗಂಭೀರ ಸ್ವಭಾವದವರೆಂದಷ್ಟೇ ಅರ್ಥ, ಗಾಬರಿಪಡುವಂಥದ್ದೇನಿಲ್ಲ.

ಮೇಲಿನ ಕೆರೆಯ ವಾಕ್ಯಕ್ಕೆ ಮತ್ತೆ ಬರೋಣ. ಮಳೆ ಬಂದರೂ ಕೆರೆ ತುಂಬದು ಎಂಬ ಅರ್ಥ ಹೊರಟಾಗ, ಕೆರೆಕಟ್ಟೆ ಕಂಡಿರುವ ಹುಡುಗ ‘ಇದೇನೋ ಸರಿಯಿಲ್ಲ’ ಎಂದು ತಾನೇ ನಿಂತು ಹಿಂದಿರುಗಿ ನೋಡುತ್ತಾನೆ. ಅವನನ್ನು ತಡೆದದ್ದು ಇಂಗ್ಲಿಷಲ್ಲ, ಲೋಕಜ್ಞಾನ. ಗದ್ಯಭಾಗ ಅಳೆಯುವುದು ಬರೀ ಭಾಷೆಯನ್ನಲ್ಲ ಎಂಬುದಕ್ಕೆ ಸಂಶೋಧನೆಯ ಪುರಾವೆಗಳೂ ಇವೆ. 1979ರಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ಸ್ಟೆಫನ್ಸನ್, ಜೋಗದೇವ್ ಮತ್ತು ಆಂಡರ್ಸನ್ ಎರಡು ಪತ್ರಗಳನ್ನು ಸಿದ್ಧಪಡಿಸಿದರು. ಒಂದರಲ್ಲಿ ಭಾರತದ ಮದುವೆಯ ವರ್ಣನೆ, ಇನ್ನೊಂದರಲ್ಲಿ ಅಮೆರಿಕದ ಮದುವೆ. ಎರಡನ್ನೂ ಭಾರತೀಯರಿಗೂ ಅಮೆರಿಕನ್ನರಿಗೂ ಓದಲು ಕೊಟ್ಟರು. ಅವರವರ ನಾಡಿನ ಮದುವೆಯನ್ನು ಅವರವರು ಬೇಗ ಓದಿದರು, ಹೆಚ್ಚು ನೆನಪಿಟ್ಟುಕೊಂಡರು. ಅಮೆರಿಕದ ವಧು ಅಜ್ಜಿಯ ಮದುವೆಯ ಉಡುಪು ತೊಟ್ಟಿದ್ದಳು. ಅಲ್ಲಿ ಅದು ಹೆಮ್ಮೆಯ ಸಂಪ್ರದಾಯ. ಭಾರತೀಯ ಓದುಗರೊಬ್ಬರಿಗೆ ಅದು ಹಳೆಯ, ಫ್ಯಾಶನ್ ತಪ್ಪಿದ ಬಟ್ಟೆಯಾಗಿ ಕಂಡಿತು. ಇತ್ತ ಬೀಗರಿಗೆ ಕೊಡುವ ಉಡುಗೊರೆಯ ಮಾತುಕತೆಯ ಹಿಂದಿರುವ ಆತಂಕ ಅಮೆರಿಕನ್ನರಿಗೆ ಹೊಳೆಯಲೇ ಇಲ್ಲ. ಪದಗಳೆಲ್ಲ ಇಬ್ಬರಿಗೂ ಗೊತ್ತಿದ್ದವು.

1988ರಲ್ಲಿ ರೆಕ್ಟ್ ಮತ್ತು ಲೆಸ್ಲಿ ಎಂಬ ಸಂಶೋಧಕರು 64 ಶಾಲಾ ಮಕ್ಕಳಿಗೆ ಬೇಸ್‌ಬಾಲ್ ಪಂದ್ಯದ ಒಂದು ವರ್ಣನೆ ಓದಿಸಿದರು. ಓದಿನಲ್ಲಿ ಹಿಂದುಳಿದಿದ್ದರೂ ಆಟ ಚೆನ್ನಾಗಿ ಬಲ್ಲ ಮಕ್ಕಳು, ಓದಿನಲ್ಲಿ ಮುಂದಿದ್ದು ಆಟ ತಿಳಿಯದವರನ್ನು ಹಿಂದೆ ಹಾಕಿದರು. ನಮ್ಮಲ್ಲಿ ಕ್ರಿಕೆಟ್ ಬಗ್ಗೆ ಗದ್ಯ ಕೊಟ್ಟರೂ ಹೀಗೇ ಆದೀತು. ಹಾಗಿದ್ದರೆ ಇಂಗ್ಲಿಷ್ ಪ್ಯಾಸೇಜಿನ ತಯಾರಿ ಇಂಗ್ಲಿಷಿನಲ್ಲೇ ಆಗಬೇಕೆಂದೇನೂ ಇಲ್ಲ. ಸಾಲುಮರದ ತಿಮ್ಮಕ್ಕನ ಬಗ್ಗೆ, ಜೇನುನೊಣದ ಬಗ್ಗೆ, ಉಪಗ್ರಹದ ಬಗ್ಗೆ ಕನ್ನಡದಲ್ಲಿ ಓದಿಕೊಂಡಿರುವ ಹುಡುಗಿ ಅದೇ ವಿಷಯ ಇಂಗ್ಲಿಷಿನಲ್ಲಿ ಬಂದಾಗ ಅರ್ಧ ದಾರಿ ಆಗಲೇ ನಡೆದಿರುತ್ತಾಳೆ. ‘ಎಸ್ಸೆಸ್ಸೆಲ್ಸಿ ವರ್ಷ, ಇನ್ನು ಕಥೆ ಪುಸ್ತಕ ಮುಟ್ಟಬೇಡ’ ಎಂದು ಮನೆಯಲ್ಲಿ ಗದರುವವರು ಇದನ್ನು ಯೋಚಿಸಬೇಕು.

ತರಗತಿಯಲ್ಲಿ ಏನು ಮಾಡಬಹುದು ಎಂಬುದಕ್ಕೆ ದೂರ ಹೋಗಬೇಕಾಗಿಲ್ಲ. 1979ರಿಂದ 1984ರವರೆಗೆ ಎನ್.ಎಸ್. ಪ್ರಭು ಅವರ ನೇತೃತ್ವದಲ್ಲಿ ದಕ್ಷಿಣ ಭಾರತದ ಕೆಲವು ಶಾಲೆಗಳಲ್ಲಿ ನಡೆದ ಪ್ರಯೋಗ ಜಗತ್ತಿನ ಭಾಷಾ ಶಿಕ್ಷಕರ ನಡುವೆ ‘ಬೆಂಗಳೂರು ಪ್ರಾಜೆಕ್ಟ್’ ಎಂದೇ ಹೆಸರಾಗಿದೆ. ವ್ಯಾಕರಣದ ಪಾಠವೇ ಇಲ್ಲ. ರೈಲು ವೇಳಾಪಟ್ಟಿ, ನಕ್ಷೆ ಮುಂತಾದವನ್ನು ಮುಂದಿಟ್ಟು ಒಂದು ಸಮಸ್ಯೆ ಕೊಡುವುದು. ಮೊದಲು ಶಿಕ್ಷಕರು ಇಡೀ ತರಗತಿಯೊಂದಿಗೆ ಒಂದನ್ನು ಬಿಡಿಸುತ್ತಾರೆ, ಆಮೇಲೆ ಅಂಥದೇ ಇನ್ನೊಂದನ್ನು ಮಗು ಒಬ್ಬನೇ ಬಿಡಿಸಬೇಕು. ‘ಹತ್ತು ಗಂಟೆಯೊಳಗೆ ಹಾಸನ ಸೇರಲು ಯಾವ ಬಸ್ಸು ಹಿಡಿಯಬೇಕು’ ಎಂಬ ಪ್ರಶ್ನೆ ನೋಡಿ. ಉತ್ತರ ವೇಳಾಪಟ್ಟಿಯಲ್ಲೇ ಇದೆ, ಆದರೆ ನಕಲು ಮಾಡಲು ಬರುವುದಿಲ್ಲ. ಪ್ರಯೋಗದ ಫಲವನ್ನು ಬೆರೆಟ್ಟಾ ಮತ್ತು ಡೇವಿಸ್ ಎಂಬ ತಜ್ಞರು ಅಳೆದಾಗ, ವ್ಯಾಕರಣ ಕಲಿತ ಮಕ್ಕಳು ವ್ಯಾಕರಣದ ಪರೀಕ್ಷೆಯಲ್ಲೂ ಸಮಸ್ಯೆ ಬಿಡಿಸಿದ ಮಕ್ಕಳು ಸಮಸ್ಯೆಯ ಪರೀಕ್ಷೆಯಲ್ಲೂ ಮುಂದಿದ್ದರು. ಹುಡುಕಿ ನಕಲು ಮಾಡುವುದನ್ನೇ ರೂಢಿಸಿದರೆ ಮಕ್ಕಳು ಅದರಲ್ಲೇ ನಿಪುಣರಾಗುತ್ತಾರೆ ಎಂದು ಇದರಿಂದ ಊಹಿಸಿಕೊಳ್ಳಬಹುದು.

ಹಾಗಾಗಿ ಹಳೆಯ ಪ್ರಶ್ನೆಪತ್ರಿಕೆಗಳ ಇಪ್ಪತ್ತು ಪ್ಯಾಸೇಜುಗಳನ್ನು ಒಂದೇ ಸಮನೆ ಮುಗಿಸುವ ಬದಲು ನಾಲ್ಕನ್ನು ನಿಧಾನವಾಗಿ ಬಿಡಿಸುವುದು ಮೇಲು. ಮೊದಲ ಸಲ ಪ್ರಶ್ನೆ ನೋಡದೆ, ತುಟಿ ಅಲ್ಲಾಡಿಸದೆ ಓದಲಿ. ಸಾಮೂಹಿಕವಾಗಿ ಗಟ್ಟಿಯಾಗಿ ಓದುವಾಗ ಉಚ್ಚಾರಣೆಯ ಕಡೆಗೇ ಗಮನವೆಲ್ಲ ಹೋಗುತ್ತದೆ. ಎರಡನೆಯ ಸಲ ‘ಹಿ’, ‘ಇಟ್’, ‘ದೆ’, ‘ದಿಸ್’ ಕಂಡಲ್ಲೆಲ್ಲ ಅದು ಯಾರು, ಯಾವುದು ಎಂದು ಬಾಣ ಎಳೆದು ತೋರಿಸಲಿ. ‘ಬಟ್’, ‘ದೋ’, ‘ಅನ್‌ಲೆಸ್’ ಕೆಳಗೆ ಗೆರೆ ಬೀಳಲಿ. ಗೊತ್ತಿಲ್ಲದ ಪದಕ್ಕೆ ಊಹೆ ಮಾಡಿ ಪಕ್ಕದಲ್ಲಿ ಪೆನ್ಸಿಲಿನಲ್ಲಿ ಬರೆಯಲಿ, ನಿಘಂಟು ಕೊನೆಗೆ. ಉತ್ತರ ಬರೆಯುವಾಗ ಎರಡು ಕಡೆ ಎಚ್ಚರ ಬೇಕು. ಪ್ರಶ್ನೆಯಲ್ಲಿ ‘ಡಿಡ್ ಸೆಲ್’ ಎಂದಿದ್ದರೆ ಉತ್ತರದಲ್ಲಿ ‘ಸೋಲ್ಡ್’ ಆಗಬೇಕು. ಗದ್ಯದಲ್ಲಿ ಯಾರೋ ‘ಮೈ ಫಾದರ್’ ಎಂದಿದ್ದರೆ ಉತ್ತರದಲ್ಲಿ ಅದು ‘ಹಿಸ್’ ಅಥವಾ ‘ಹರ್’ ಆಗಬೇಕು. ಇಲ್ಲವಾದರೆ ನಕಲು ಎಂದು ಮೌಲ್ಯಮಾಪಕರಿಗೆ ಮೊದಲ ನೋಟಕ್ಕೇ ತಿಳಿಯುತ್ತದೆ.

ಇಂಗ್ಲಿಷ್ ಬಾರದ ತಂದೆತಾಯಿ ಇದರಲ್ಲಿ ಸಹಾಯ ಮಾಡಲಾರರು ಎಂದೇನಿಲ್ಲ. ಮನೆಗೆ ಬರುವ ಕನ್ನಡ ಪತ್ರಿಕೆಯ ಒಂದು ಸುದ್ದಿ ಕೊಟ್ಟು, ಅದರ ಮೇಲೆ ನಾಲ್ಕು ಪ್ರಶ್ನೆ ನೀನೇ ತಯಾರಿಸು ಎಂದರೆ ಸಾಕು. ಮೊದಲ ವಾರ ‘ಯಾರು’, ‘ಎಲ್ಲಿ’, ‘ಯಾವಾಗ’ ಎಂಬ ಪ್ರಶ್ನೆಗಳೇ ಬರುತ್ತವೆ. ‘ಏಕೆ’ ಎಂಬುದು ಬರಲು ಸ್ವಲ್ಪ ಕಾಲ ಹಿಡಿಯುತ್ತದೆ.